ಅಮ್ಮ ಕೂರಲೇ ಇಲ್ಲ

ಮೊನ್ನೆ ನಮ್ಮ ಹಳೇ ಜಮೀನ್ದಾರರಾದ ಒಡೇರ ಮನೆಯ ಮೊಮ್ಮಗ ಮದುವೆಗೆ ಕರೆಯಲು ಬಂದಿದ್ದ. ಬೆಂಗಳೂರಲ್ಲಿ ಕೆಲಸ, ಒಳ್ಳೆಯ ಹುಡುಗ. ನಮ್ಮ ಜಗುಲಿಯ ಮೇಲೆ ಕೂತು ಕಾಫಿ ಕುಡಿದ. ಅಮ್ಮ ಮಾತ್ರ ಬಾಗಿಲ ಪಕ್ಕ ನಿಂತೇ ಇದ್ದಳು.

"ಕೂತ್ಕೊಳ್ಳಿ ಅಮ್ಮ" ಅಂದ.

"ಇರ್ಲಿ ಒಡೆಯಾ."

ಅವನು ಮತ್ತೆ ಅಂದ. ಇವಳದು ಮತ್ತೆ ಅದೇ, "ಇರ್ಲಿ ಒಡೆಯಾ." ಎಂಬತ್ತು ದಾಟಿದವಳು, ಮಂಡಿ ನೋವು ಬೇರೆ.

ಅವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಯಾಕಂದರೆ ನಾವು ಗೇಣಿಗೆ ಉಳುತ್ತಿದ್ದ ಒಡೇರ ಗದ್ದೆ ನಮ್ಮದಾಗಲಿ ಅಂತ ಅರ್ಜಿ ಹಾಕಿಸಿದ್ದೇ ಅಮ್ಮ.

1974ರ ಮಾರ್ಚ್ 1ಕ್ಕೆ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಯಾಯಿತು. ಉಳುತ್ತಿದ್ದ ಗದ್ದೆ ತಮ್ಮ ಹೆಸರಿಗಾಗಲು ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಅಪ್ಪ ಹಿಂದೆಮುಂದೆ ನೋಡಿದ. "ಉಪ್ಪು ತಿಂದ ಮನೆ" ಅನ್ನುತ್ತಿದ್ದ. ನಮ್ಮ ಸಾಗರದ ಕಡೆ ಅಂಥವರು ಜಾಸ್ತಿ ಇದ್ದರು. ಅವರನ್ನು ಹೇಡಿ ಅನ್ನಲು ನನಗೆ ಮನಸ್ಸು ಬರಲ್ಲ. 1951ರಲ್ಲಿ ಕಾಗೋಡಿನ ರೈತರು ಗೇಣಿ ಗದ್ದೆ ಉಳಲು ಹೋಗಿ ಜೈಲು ಸೇರಿದ್ದನ್ನು ಕಂಡವರು ಅವರು. ಗೇಣಿ ಅಳೆಯುವ ಕೊಳಗದಲ್ಲೇ ಮೋಸ ಅಂತ ಶುರುವಾದ ಜಗಳ ಅದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆಮೇಲೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತಲ್ವಾ?

ಅಮ್ಮ ಕೇಳಿದ್ದು ಒಂದೇ. "ಒಡೇರು ಒಳ್ಳೇರು. ನಾಳೆ ಅವ್ರ ಮಗ ಏಳಿ ಅಂದ್ರೆ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?" ಅಪ್ಪ ಹೆಬ್ಬೆಟ್ಟು ಒತ್ತಿದ.

ಆ ಮಳೆಗಾಲ ಒಡೇರ ಮನೆಯಿಂದ ಸಾಲದ ಭತ್ತ ಬರಲಿಲ್ಲ. ಕೆಸುವಿನ ಸೊಪ್ಪು, ಹಲಸಿನ ಬೀಜ, ಅಷ್ಟೇ. ಕೆಂಡದಲ್ಲಿ ಸುಟ್ಟ ಬೀಜದ ಸಿಪ್ಪೆ ಸುಲಿದು ಅಮ್ಮ ಎಣಿಸಿ ಹಂಚುತ್ತಿದ್ದಳು. ಇನ್ನೊಂದು ಬೇಕು ಅಂದ ತಮ್ಮನಿಗೆ ಏಟು ಬಿತ್ತು. ಅವನು ಇನ್ನೂ ಶಾಲೆಗೆ ಸೇರಿರಲಿಲ್ಲ. ಹೊಡೆದ ಕೈಯಲ್ಲೇ ತನ್ನ ಪಾಲಿನ ಬೀಜ ಅವನ ಬಾಯಿಗೆ ಇಟ್ಟಳು.

ಕೊನೆಗೆ ಗದ್ದೆ ಅಪ್ಪನ ಹೆಸರಿಗಾಯಿತು. ನಾವು ಓದಿದ್ದು ಅದರಿಂದಲೇ.

ಹುಡುಗ ಹೋದ ಮೇಲೆ ಕೇಳಿದೆ, "ಕೂತಿದ್ರೆ ಏನಾಗ್ತಿತ್ತಮ್ಮ?"

"ಅವ್ರ ಎದುರು ಕೂತು ಗೊತ್ತಿಲ್ಲ ಮಗಾ."

ಅದು ಅಜ್ಜಿಯ ಕಾಲದ ಮರ್ಯಾದೆ ಅಂತಾಳೆ ನನ್ನ ಮಗಳು. ನಾನು ಒಪ್ಪಲ್ಲ. ಮೊಮ್ಮಗನ ವಯಸ್ಸಿನವನ ಮುಂದೆ ಅವಳ ಕೈ ನಡುಗಿದ್ದನ್ನು ನಾನು ನೋಡಿದ್ದೇನೆ. ಅದು ಹೆದರಿಕೆ. ಗದ್ದೆಯ ಜೊತೆಗೇ ಹೋಗಬೇಕಿದ್ದ ಹೆದರಿಕೆ. ಮದುವೆಗೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಅವಳು ಕೂರುವವರೆಗೂ ಅಲ್ಲಿ ನಾನೂ ಕೂರಲ್ಲ.