ಮುಳ್ಳು ಇಳಿದರೆ ನಂಬಬೇಡ

14 ಜುಲೈ 2024, ಭಾನುವಾರ, ರಾತ್ರಿ 11.40

ಇವತ್ತು ಒಂದೇ ಗುಂಡಿಗೆ ಸತ್ತೆ. ಅದೂ ಗುಂಡು ಬಿದ್ದು ಆರು ನಿಮಿಷ ಆದ ಮೇಲೆ.

ಐಎಲ್-2 ಗ್ರೇಟ್ ಬ್ಯಾಟಲ್ಸ್ ಅನ್ನೋ ವಿಮಾನಯುದ್ಧದ ಕಂಪ್ಯೂಟರ್ ಆಟ, ನನ್ನ ವಿಮಾನ ಸ್ಪಿಟ್‌ಫೈರ್ ಮಾರ್ಕ್ 9. ಮೆಸ್ಸರ್‌ಸ್ಮಿಟ್ ಅನ್ನೋ ಶತ್ರು ವಿಮಾನ ಒಂದು ಹಿಂದಿನಿಂದ ಹೊಡೆದು ಹೋಯಿತು. ಟಪ್ ಅಂತ ಸದ್ದು, ಅಷ್ಟೇ. ರೆಕ್ಕೆ ಇದೆ, ಬಾಲ ಇದೆ, ಸ್ಟಿಕ್ ಮಾತು ಕೇಳುತ್ತಿದೆ. ಬಚಾವ್ ಅಂದುಕೊಂಡು ತಿರುಗಿ ನೋಡಿದರೆ ಬಲ ರೆಕ್ಕೆಯ ಕೆಳಗಿನಿಂದ ತೆಳ್ಳಗೆ ಬಿಳಿ ಗೆರೆ. ಹೊಗೆಯಲ್ಲ, ಹಬೆ. ಎಂಜಿನ್ನಿನ ನೀರು ತಣ್ಣಗಿಡೋ ಇದರ ರೇಡಿಯೇಟರ್‌ಗಳು ರೆಕ್ಕೆಗಳ ಅಡಿಯಲ್ಲೇ ಇರೋದು. ಥಂಡರ್‌ಬೋಲ್ಟ್ ವಿಮಾನ ತಗೊಂಡಿದ್ದರೆ ಈ ತಲೆನೋವೇ ಇರಲಿಲ್ಲ. ಅದರ 18 ಸಿಲಿಂಡರ್‌ಗಳನ್ನು ತಣ್ಣಗಿಡೋದು ಗಾಳಿ. ಸೋರೋಕೆ ನೀರೇ ಇಲ್ಲ.

"ಬ್ಲಾಸ್ಟ್ ಆಗಲ್ವಾ ಮಾಮಾ?" ಅಂದ ಅಕ್ಕನ ಮಗ. ಇಲ್ಲ ಅಂದೆ. ಎದ್ದು ಹೋದ.

ಮಜ್ಜಿಗೆ ಲೋಟ ಹಿಡಿದು ಹೋಗುತ್ತಿದ್ದ ಅಪ್ಪ ನಿಂತರು. ನನ್ನ ಆಟದ ಕಡೆ ಅವರು ತಲೆ ಹಾಕಿದವರೇ ಅಲ್ಲ.

"ನೀರು ಹೋಗ್ತಿದೆಯಲ್ಲೋ. ಶಾಖದ ಮೀಟರ್ ಮುಳ್ಳು ಎಲ್ಲಿದೆ?"

"ಮೇಲೆ ಹತ್ತುತ್ತಾ ಇದೆ."

"ಆಮೇಲೆ ಇಳಿಯುತ್ತೆ ನೋಡು. ಆಗ ಸರಿಹೋಯ್ತು ಅಂತ ಖುಷಿಪಡಬೇಡ."

ಯಾಕೆ ಅಂದೆ. ಕುರ್ಚಿ ಎಳೆದುಕೊಂಡು ಕೂತರು. ಶಿರಾಡಿ ಘಾಟಿ, ಅವರ ಹಳೇ ಅಂಬಾಸಿಡರ್, ಗುಂಡ್ಯ ದಾಟಿ ಏರು ಹತ್ತುವಾಗ ನೀರಿನ ಹೋಸ್ ಬಿರುಕು ಬಿಟ್ಟಿತ್ತಂತೆ. ಮುಳ್ಳು ಮೇಲೆ ಹೋಗಿ, ಸ್ವಲ್ಪ ಹೊತ್ತಿಗೆ ತಾನೇ ಕೆಳಗೆ ಬಂತು. ತಣ್ಣಗಾಯ್ತು ಅಂತ ಅಪ್ಪ ಓಡಿಸಿಯೇ ಓಡಿಸಿದರು. ಶಾಖ ಅಳೆಯೋ ತುದಿ ನೀರಿನಲ್ಲಿ ಮುಳುಗಿರಬೇಕಲ್ವಾ? ನೀರೇ ಇಲ್ಲ ಅಂದರೆ ಅದು ಯಾವುದರ ಬಿಸಿ ಹೇಳುತ್ತೆ? ಮಾರನಹಳ್ಳಿಗೆ ಬರೋದರೊಳಗೆ ಎಂಜಿನ್ ಹೆಡ್ ಬಿರುಕು.

"ವಾಸನೆ ಬಂದಿತ್ತು ಕಣೋ. ಮೂಗು ಹೇಳಿತ್ತು. ನಾನು ಮುಳ್ಳು ನಂಬಿದೆ."

ಆಟದಲ್ಲಿ ವಾಸನೆ ಎಲ್ಲಿಂದ ಬರಬೇಕು? ಗುಂಡು ಯಾವ ಪೈಪ್ ತೂರಿತು, ಎಣ್ಣೆ ಎಷ್ಟು ಸೋರಿತು, ಎಲ್ಲದಕ್ಕೂ ಲೆಕ್ಕ ಹಾಕಿಟ್ಟಿದ್ದಾರೆ. ಎಂಜಿನ್ ನೀರಿಗೆ ಬೆರೆಸೋ ಗ್ಲೈಕಾಲ್ ಸುಟ್ಟರೆ ಸಿಹಿ ವಾಸನೆಯಂತೆ. ಅದು ಪೈಲಟ್ ಮೂಗಿಗೆ ಮಾತ್ರ.

ಮುಳ್ಳು ಇಳಿಯುತ್ತಾ ಅಂತ ಕಾಯುವಷ್ಟರಲ್ಲಿ ಎಂಜಿನ್ ಸೀಜ್ ಆಯ್ತು. ಪ್ರೊಪೆಲ್ಲರ್ ಕಡ್ಡಿಯಂತೆ ನಿಂತುಬಿಟ್ಟಿತು. ಗದ್ದೆಗೆ ಇಳಿಸೋಣ ಅಂದರೆ ಮುಂದೆ ಮರದ ಸಾಲು. ಅಪ್ಪ ನಕ್ಕುಬಿಟ್ಟರು. ಎಷ್ಟು ದಿನ ಆಗಿತ್ತು ಹಾಗೆ ನಗದೆ.

ಮಲಗೋ ಮುಂಚೆ ಬಿಪಿ ನೋಡಿದೆ. 128, 82. ಚೆನ್ನಾಗಿದೆ ಅಪ್ಪ ಅಂದೆ. ಅವರು ಮಷೀನ್ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತಿದ್ದರು. ಮಜ್ಜಿಗೆಯೂ ಹಾಗೇ ಇತ್ತು ಲೋಟದಲ್ಲಿ. ಬೆಳಗ್ಗೆ ಅಕ್ಕನಿಗೆ ಫೋನ್ ಮಾಡಿ, ಇಲ್ಲಾ ಸುಮ್ನೆ ನಾನೇ