ಯಾರ್ಕ್‌ಷೈರಿನ ಒಣಗೋಡೆ, ನಮ್ಮ ತೋಟದ ಬರೆ

ಆಟಿ ತಿಂಗಳ ಜೋರು ಮಳೆಗೆ ತೋಟದ ಬರೆ, ಅಂದರೆ ಗುಡ್ಡೆ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ಜರಿದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆಗಳಲ್ಲಿ ಮೊದಲು ಕೇಳುವ ಮಾತು: "ಸಿಮೆಂಟು ಹಾಕಿ ಗಟ್ಟಿ ಕಟ್ಟಿಸಿಬಿಡಿ." ಹಾಗೆ ಗಟ್ಟಿ ಕಟ್ಟಿದ್ದು ನಾಲ್ಕಾರು ಮಳೆಗಾಲ ತಾಳುತ್ತದೆ. ಆಮೇಲೆ ಹೊಟ್ಟೆ ಬರುತ್ತದೆ, ಬಿರುಕು ಬಿಡುತ್ತದೆ, ಒಂದು ರಾತ್ರಿ ಇಡೀ ಗೋಡೆಯೇ ತೋಟಕ್ಕೆ ಮಲಗುತ್ತದೆ. ಹಿಂದಿನ ಮಣ್ಣು ಕುಡಿದ ನೀರಿಗೆ ಹೊರಬರಲು ದಾರಿ ಇರಲಿಲ್ಲ, ಅಷ್ಟೇ. ಗಾರೆಯಿಲ್ಲದೆ ಕಟ್ಟಿದ ಗೋಡೆ ಈ ತೊಂದರೆಯಿಂದ ಹೇಗೆ ಪಾರಾಗುತ್ತದೆ ಎಂದು ಅರಿಯಬೇಕಾದರೆ ಇಂಗ್ಲೆಂಡಿನ ಉತ್ತರಕ್ಕಿರುವ ಯಾರ್ಕ್‌ಷೈರ್ ಡೇಲ್ಸ್ ಎಂಬ ಹಳ್ಳಿಗಾಡಿನ ಗೋಡೆಗಳನ್ನು ಗಮನಿಸಬೇಕು. ಅಲ್ಲಿ 8,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಲ್ಲಿನ ಬೇಲಿಗಳಿವೆ. ಅವುಗಳಲ್ಲಿ ಹಲವು ಇನ್ನೂರು ವರ್ಷ ದಾಟಿದವು. ಒಂದು ಹಿಡಿ ಗಾರೆಯೂ ಇಲ್ಲ.

ಡೇಲ್ ಎಂದರೆ ಕಣಿವೆ. ಸಾವಿರ ವರ್ಷದ ಹಿಂದೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ನೆಲೆಸಿದ ನಾರ್ಸ್ ಜನರ ಮಾತು ಆ ಊರುಗಳ ಹೆಸರುಗಳಲ್ಲಿ ಇಂದಿಗೂ ಉಳಿದಿದೆ. ಕಣಿವೆಯ ತಳದಲ್ಲಿ ಹೊಳೆ ಮತ್ತು ಹುಲ್ಲುಗದ್ದೆ, ಇಳಿಜಾರಿನಲ್ಲಿ ಗೋಡೆ ಕಟ್ಟಿದ ಕುರಿಗಾವಲು, ನೆತ್ತಿಯಲ್ಲಿ ಬೋಳು ಗುಡ್ಡ. ನಮ್ಮಲ್ಲಿ ಬೈಲು, ತೋಟ, ಗುಡ್ಡೆ, ಮೇಲೆ ಪದವು ಇರುವ ಹಾಗೆಯೇ. ಹೋಲಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿನ ಸುಣ್ಣಕಲ್ಲಿನ ಪಾದೆಯನ್ನು ಹಿಮನದಿಗಳು ಒಮ್ಮೆ ಕೆರೆದು ಬೋಳು ಮಾಡಿದವು, ಆಮೇಲೆ ಮಳೆನೀರು ಸೀಳು ಸೀಳಾಗಿ ಕರಗಿಸಿತು. ಮಾಲಮ್ ಎಂಬ ಊರಿನ ಮೇಲಿನ ಕೆರೆಯಿಂದ ಹೊರಟ ತೊರೆ ಸ್ವಲ್ಪ ದೂರ ಹರಿದು ನೆಲದೊಳಗೆ ಮಾಯವಾಗುತ್ತದೆ. ಊರಿನ ಕೆಳಗೆ ಏರ್ ನದಿಯ ಒರತೆಯಾಗಿ ಮತ್ತೆ ಮೇಲೆ ಬರುತ್ತದೆ. ನಡುವೆ ಇರುವ, ಸುಮಾರು 80 ಮೀಟರ್ ಎತ್ತರದ ಬಂಡೆಗೋಡೆಯ ಬುಡದಲ್ಲಿ ಚಿಮ್ಮುವ ನೀರೂ ಅದೇ ಎಂದು ನೋಡಿದವರು ಎಣಿಸುತ್ತಾರೆ. ಬಣ್ಣ ಕಲಸಿ ಪರೀಕ್ಷಿಸಿದಾಗ ಆ ನೀರು ಬೇರೆ ಕಡೆಯಿಂದ ಬರುವುದೆಂದು ತಿಳಿಯಿತು. ಎರಡು ತೊರೆಗಳು ನೆಲದಡಿಯಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ! ಮೇಲೆ ಒಣ ಪಾರೆ, ಒಡಲಲ್ಲಿ ನೀರು. ಸುರಂಗ ಕೊರೆದು ಗುಡ್ಡೆಯ ನೀರು ತಂದ ನಮ್ಮ ಹಿರಿಯರಿಗೆ ಈ ನೆಲದ ಗುಟ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಣ್ಣಕಲ್ಲಿನ ಸೀಳುಗಳಲ್ಲಿ ಜರಿಗಿಡಗಳು ತಂಪಾಗಿ ಬೆಳೆಯುತ್ತವೆ. ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ಪಾರೆಯ ಮೇಲೆ ಮಳೆಗಾಲದಲ್ಲಿ ನೀಲಿ, ಬಿಳಿ ಕಿರುಹೂಗಳು ಹಾಸುತ್ತವೆ. ಎರಡನ್ನೂ 'ಬರಡು ಜಾಗ' ಎಂದು ಬರೆದಿಡುವುದು ದೊಡ್ಡ ತಪ್ಪು.

ಊರಿನ ಹತ್ತಿರದ ಅಂಕುಡೊಂಕು ಗೋಡೆಗಳು ತುಂಬ ಹಳೆಯವು. ಗುಡ್ಡದ ನೆತ್ತಿಯವರೆಗೆ ಗೆರೆ ಎಳೆದಂತೆ ನೇರ ಏರುವವು ಹೆಚ್ಚಾಗಿ 1750ರಿಂದ 1850ರ ನಡುವೆ ಕಟ್ಟಿದವು. ಊರಿನವರೆಲ್ಲ ದನ, ಕುರಿ ಮೇಯಿಸುತ್ತಿದ್ದ ಜಾಗವನ್ನು ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಅಳೆದು, ಪಾಲು ಮಾಡಿ, ಖಾಸಗಿಗೆ ಕೊಟ್ಟ ಕಾಲ ಅದು. ಇಂದು ಪ್ರವಾಸಿಗಳು ಮೆಚ್ಚುವ ಆ ನೇರ ಗೆರೆಗಳ ಹಿಂದೆ ಮೇವಿನ ಹಕ್ಕು ಕಳೆದುಕೊಂಡ ಬಡವರಿದ್ದಾರೆ. ಚಂದವನ್ನು ಹೊಗಳುವಾಗ ಇದನ್ನೂ ಹೇಳಲೇಬೇಕು.

ಇನ್ನು ಕಟ್ಟುವ ಕ್ರಮ. ಅಲ್ಲಿನ ಗೋಡೆ ನಿಜವಾಗಿ ಎರಡು ಗೋಡೆ: ಎದುರುಬದುರಾಗಿ ಎದ್ದು, ಒಂದಕ್ಕೊಂದು ಒರಗುತ್ತಾ ಮೇಲೇರುತ್ತವೆ. ಬುಡದಲ್ಲಿ ಅಗಲ 28 ಇಂಚು, ತುದಿಯಲ್ಲಿ 14 ಇಂಚು, ಎತ್ತರ ನಾಲ್ಕಡಿ, ಅದರ ಮೇಲೆ ನೆತ್ತಿಗಲ್ಲು ಅರ್ಧ ಅಡಿ. ಅಂದರೆ ಸುಮಾರು 7 ಇಂಚು ಏರಿದಾಗ ಪ್ರತಿ ಬದಿಯೂ 1 ಇಂಚು ಒಳಕ್ಕೆ ಸರಿಯುತ್ತದೆ. ಈ ವಾಟವನ್ನು ಕಣ್ಣಂದಾಜಿಗೆ ಬಿಡುವುದಿಲ್ಲ. ಅದೇ ಆಕಾರದ ಮರದ ಚೌಕಟ್ಟನ್ನು ಎರಡು ತುದಿಯಲ್ಲೂ ನಿಲ್ಲಿಸಿ, ನಡುವೆ ನೂಲು ಹಿಡಿದು, ಕಲ್ಲಿನ ವರಿಸೆ (ಸಾಲು) ಏರಿದಂತೆ ನೂಲನ್ನೂ ಏರಿಸುತ್ತಾರೆ. ಒಂದು ಮೀಟರ್ ಉದ್ದಕ್ಕೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಪಳಗಿದ ಕೈಗೂ ದಿನಕ್ಕೆ ಎರಡು ಮೂರು ಮೀಟರಿಗಿಂತ ಹೆಚ್ಚು ಸಾಗದು.

ಹುಲ್ಲು, ಮೇಲ್ಮಣ್ಣು ತೆಗೆದು ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು, ಸಾಮಾನ್ಯವಾಗಿ ಅರ್ಧ ಅಡಿ. ಅತಿ ದೊಡ್ಡ ಕಲ್ಲುಗಳು ಬುಡಕ್ಕೆ. ಪ್ರತಿ ಕಲ್ಲಿನ ಉದ್ದದ ಬದಿ ಗೋಡೆಯ ಒಳಕ್ಕೆ ಹೋಗಬೇಕು. ಹೊಸಬರು ಎಡವುವುದು ಇಲ್ಲೇ. ಚಂದ ಕಾಣಲಿ, ಜಾಗ ಬೇಗ ತುಂಬಲಿ ಎಂದು ಕಲ್ಲನ್ನು ಮುಖದ ಉದ್ದಕ್ಕೆ ಅಡ್ಡ ಮಲಗಿಸುತ್ತಾರೆ. ಅದಕ್ಕೆ ಹಿಂದೆ ಹಿಡಿತವೇ ಇಲ್ಲ, ಒಳಗಿನಿಂದ ಸ್ವಲ್ಪ ಒತ್ತಿದರೂ ಕಳಚಿ ಬೀಳುತ್ತದೆ. ಎರಡು ಕಲ್ಲಿನ ಸಂದಿಯ ಮೇಲೆ ಒಂದು ಕಲ್ಲು ಕೂರಬೇಕು. ಸಂದಿಯ ಮೇಲೆ ಸಂದಿ ಬಂದು ಗೆರೆ ಮೇಲಿನವರೆಗೆ ಹೋದರೆ ಗೋಡೆ ಅಲ್ಲೇ ಸೀಳುತ್ತದೆ.

ಎರಡು ಮುಖಗಳ ನಡುವಿನ ಒಡಲನ್ನು ಚೂರುಕಲ್ಲಿನಿಂದ ತುಂಬುತ್ತಾರೆ. ಬುಟ್ಟಿಯಲ್ಲಿ ತಂದು ಸುರಿದರೆ ಕೆಲಸ ಕೆಟ್ಟಿತು. ಮುಷ್ಟಿಗಾತ್ರದ ತುಂಡುಗಳನ್ನು ಕೈಯಿಂದಲೇ ಬಿಗಿಯಾಗಿ ಕೂರಿಸಬೇಕು. ಪ್ರತಿ ವರಿಸೆ ಮುಗಿದಾಗ ಒಡಲೂ ಅದೇ ಮಟ್ಟಕ್ಕೆ ತುಂಬಿರಬೇಕು. ಮಣ್ಣು, ಜಲ್ಲಿಪುಡಿ ಹಾಕಲೇಬಾರದು. ಮಳೆಗೆ ಅದು ತೊಳೆದು ಕೆಳಗಿಳಿಯುತ್ತದೆ, ಮೇಲೆ ಪೊಳ್ಳು, ಕೆಳಗೆ ಒತ್ತಡ. ಗೋಡೆಗೆ ಹೊಟ್ಟೆ ಬರುವುದಕ್ಕೆ ಇಷ್ಟು ಸಾಕು. ಎರಡಡಿ ಎತ್ತರದಲ್ಲಿ, ಗಜಕ್ಕೊಂದರಂತೆ, ಈ ಮುಖದಿಂದ ಆ ಮುಖಕ್ಕೆ ತಲುಪುವ ಅಡ್ಡಗಲ್ಲು ಹಾಕುತ್ತಾರೆ. ಎರಡು ಗೋಡೆಗಳನ್ನು ಒಂದಾಗಿ ಕಟ್ಟಿ ಹಿಡಿಯುವುದು ಅದೇ. ಕೊನೆಗೆ ನೆತ್ತಿಯ ಕಲ್ಲುಗಳು, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ, ಬಿಗಿ ಮಾಡಿ. ಅವುಗಳ ಭಾರ ಕೆಳಗಿನದ್ದನ್ನೆಲ್ಲ ಒತ್ತಿ ಹಿಡಿಯುತ್ತದೆ.

ಗೋಡೆಯಲ್ಲಿ ಬೇಕೆಂದೇ ಬಿಟ್ಟ ಕಿಂಡಿಗಳಿವೆ: ಕುರಿ ನುಸುಳಲು ಒಂದು ಅಳತೆ, ಮೊಲಕ್ಕೂ ನೀರಿಗೂ ಇನ್ನೂ ಚಿಕ್ಕದು. ಕಾಲುದಾರಿ ಅಡ್ಡ ಬರುವಲ್ಲಿ ಉದ್ದನೆಯ ಕಲ್ಲುಗಳನ್ನು ಎರಡೂ ಬದಿಗೆ ಚಾಚಿಸಿ ಮೆಟ್ಟಿಲು ಮಾಡುತ್ತಾರೆ. ನೋಡಿದ ಕೂಡಲೇ ನಮ್ಮವರು "ಇದು ತಡಮೆ" ಎನ್ನುತ್ತಾರೆ. ಮನುಷ್ಯ ದಾಟಬೇಕು, ದನ ದಾಟಬಾರದು, ಉಪಾಯ ಒಂದೇ.

ಇದನ್ನು ಹಾಗೆಯೇ ಕಾಸರಗೋಡಿಗೆ ಎತ್ತಿ ತರಲು ಬರುವುದಿಲ್ಲ. ಅಲ್ಲಿನದು ಬಯಲಲ್ಲಿ ನಿಂತ ಬೇಲಿ, ನಮಗೆ ಬೇಕಾದದ್ದು ಮಣ್ಣು ತಡೆಯುವ ಗೋಡೆ. ಮಳೆಯೂ ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರುತ್ತದೆ, ಅದೂ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಆದ್ದರಿಂದ ಬುಡದ ಅಗಲ ಎತ್ತರದ ಅರ್ಧಕ್ಕೆ ಕಡಿಮೆ ಇರಬಾರದು: ನಾಲ್ಕಡಿ ಗೋಡೆಗೆ ಎರಡಡಿ. ಹೊರಮುಖ ಬರೆಯ ಕಡೆಗೆ ವಾಲಲಿ, ಪ್ರತಿ ವರಿಸೆಯೂ ಸ್ವಲ್ಪ ಒಳಕ್ಕೆ ಇಳಿಜಾರಾಗಿರಲಿ. ಗೋಡೆಗೂ ಮಣ್ಣಿಗೂ ನಡುವೆ ಒಂದಡಿ ಅಗಲಕ್ಕೆ ಬರೀ ಕಲ್ಲುಚೂರು ತುಂಬಬೇಕು, ಬುಡದಿಂದ ತುದಿಯವರೆಗೂ. ಬರೆಯ ಮೇಲ್ಗಡೆ ಕಣಿ ತೆಗೆದು ಗುಡ್ಡೆಯ ನೀರನ್ನು ಬದಿಗೆ ತಿರುಗಿಸಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಐದಡಿಗಿಂತ ಎತ್ತರವಿದ್ದರೆ, ಅಥವಾ ಮೇಲೆ ಮನೆಯೋ ರಸ್ತೆಯೋ ಇದ್ದರೆ, ಎಂಜಿನಿಯರನ್ನು ಕೇಳದೆ ಕೈಹಾಕಬೇಡಿ.

ಮುರಕಲ್ಲಿನ ಗುಣವೂ ಬೇರೆ. ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು ಬ್ರಿಟಿಷ್ ವೈದ್ಯ, ಸರ್ವೆಗಾರ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡದ್ದನ್ನು 1807ರಲ್ಲಿ ಬರೆದಾಗ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದು ಅರ್ಥ. ಅಗೆಯುವಾಗ ಮೆದು, ಗಾಳಿ ಬಿಸಿಲಿಗೆ ಗಟ್ಟಿ. ಬೇಕಲ ಕೋಟೆ ಸಮುದ್ರದ ಗಾಳಿಗೆ ಎದೆಯೊಡ್ಡಿ ನಿಂತದ್ದು ಇದೇ ಕಲ್ಲಿನಲ್ಲಿ. ಹಾಗಾಗಿ ಪಣೆಯಿಂದ (ಕಲ್ಲು ಕಡಿಯುವ ಹೊಂಡದಿಂದ) ಆಗಷ್ಟೇ ಬಂದ ಹಸಿ ಕಲ್ಲನ್ನು ಕಟ್ಟಬೇಡಿ, ಒಣಗಲು ಬಿಡಿ. ಜೇಡಿ ಹೆಚ್ಚಿರುವ ಮೆದು ಕಲ್ಲು ಬುಡಕ್ಕೆ ಬೇಡವೇ ಬೇಡ. ಉದ್ದನೆಯ ಅಡ್ಡಗಲ್ಲಿಗೆ ಮುರಕಲ್ಲು ನಂಬಿಕೆಗೆ ಬಾರದು, ನಡುವೆ ತುಂಡಾಗುತ್ತದೆ. ಅಲ್ಲಿಗೆ ಕರಿಕಲ್ಲು ಹಾಕಿ. ಯಂತ್ರದಲ್ಲಿ ಕೊಯ್ದ ಕಲ್ಲು ನುಣುಪು. ಒಂದರ ಮೇಲೊಂದು ಜಾರದಂತೆ ಕೂರುವ ವಿಷಯದಲ್ಲಿ ಕೊಡಲಿಯಲ್ಲಿ ಕೆತ್ತಿದ ಒರಟು ಕಲ್ಲೇ ಮೇಲು.

ಕಟ್ಟಿದ ಮೇಲೆ ಪಾಚಿ, ಜರಿಗಿಡ ಬಂದರೆ ಬರಲಿ, ಅವುಗಳಿಂದ ಗೋಡೆಗೆ ಕೇಡಿಲ್ಲ. ಹಕ್ಕಿ ಹಾಕಿದ ಗೋಳಿ, ಅಶ್ವತ್ಥದ ಸಸಿಯನ್ನು ಮಾತ್ರ ಎರಡೆಲೆ ಇರುವಾಗಲೇ ಕಿತ್ತುಬಿಡಿ. ಸಂದಿಗೆ ಸಿಮೆಂಟು ಮೆತ್ತುವ ಆಸೆ ಬೇಡ. ಮೆತ್ತಿದ ಕಡೆ ನೀರು ಕಟ್ಟಿಕೊಳ್ಳುತ್ತದೆ. ಗೋಡೆ ಸ್ವಲ್ಪ ಜಗ್ಗಿ ಹೊಂದಿಕೊಳ್ಳುವ ಗುಣವನ್ನೂ ಕಳೆದುಕೊಳ್ಳುತ್ತದೆ.

ಒಂದು ಭಾಗ ಜರಿದರೆ ಯಾರ್ಕ್‌ಷೈರಿನ ರೈತರು ಬಿದ್ದಲ್ಲೇ ತೇಪೆ ಹಾಕುವುದಿಲ್ಲ. ಎರಡೂ ಬದಿಯಲ್ಲಿ ಗಟ್ಟಿ ಭಾಗ ಸಿಗುವ ತನಕ ಕಳಚಿ, ನೆತ್ತಿಗಲ್ಲನ್ನು ಎಲ್ಲಕ್ಕಿಂತ ದೂರ, ಮುಖದ ಕಲ್ಲನ್ನು ನಡುವೆ, ಒಡಲಿನ ಚೂರನ್ನು ಗೋಡೆಯ ಹತ್ತಿರ ರಾಶಿ ಹಾಕುತ್ತಾರೆ. ಓಡಾಡಲು ಬುಡದಲ್ಲಿ ಎರಡಡಿ ಜಾಗ ಬಿಡುತ್ತಾರೆ. ಬಿದ್ದ ಕಲ್ಲೇ ಮತ್ತೆ ಗೋಡೆಯಾಗುತ್ತದೆ, ಹೊಸ ಲೋಡು ಬೇಕಾಗುವುದು ಅಪರೂಪ. ನಮ್ಮಲ್ಲಿ ಬಿದ್ದ ಮುರಕಲ್ಲನ್ನು ಟಿಪ್ಪರಿನಲ್ಲಿ ತುಂಬಿ ತಗ್ಗಿಗೆ ಸುರಿಯುವುದನ್ನು ಮೊದಲು ನಿಲ್ಲಿಸಬೇಕು. ಮಳೆ ನಿಂತ ಮೇಲೆ ಕಲ್ಲು ವಿಂಗಡಿಸಿಟ್ಟು, ಚಳಿಗಾಲದಲ್ಲಿ ಕಟ್ಟಲು ತೊಡಗಿದರೆ ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಕೆಲಸ ಮುಗಿಯುತ್ತದೆ. ಮೊದಲ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಗೋಡೆಯ ಬುಡಕ್ಕೆ ಹೋಗಿ ನೋಡಿ: ಸಂದಿಗಳಿಂದ ಇಳಿಯುವ ನೀರು ತಿಳಿಯಾಗಿದ್ದರೆ ಸರಿ, ಕೆಂಪಗೆ ಮಣ್ಣು ಕದಡಿ ಬರುತ್ತಿದ್ದರೆ ಹಿಂದಿನ ಚೂರುಕಲ್ಲಿನ ಪದರ ಎಲ್ಲೋ ತೆಳುವಾಗಿದೆ, ಆ ಜಾಗಕ್ಕೆ ಗುರುತು ಹಾಕಿಡಿ.