ನಾಲ್ಕು ಗಂಟೆಯ ಗೆರೆ

17 ನವೆಂಬರ್ 2025, ಸೋಮವಾರ

ಬೆಳಗ್ಗೆ ಹತ್ತಕ್ಕೆ ಗೈಡ್ ಮೇಡಂ ಹತ್ತಿರ ಹೋಗಿದ್ದೆ. ಹನ್ನೊಂದೂವರೆಗೆ ಹೊರಗೆ ಬರುವಷ್ಟರಲ್ಲಿ ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಬಿದ್ದುಹೋಗಿತ್ತು. ಆದರೂ ಬೇಜಾರಿಗಿಂತ ಖುಷಿಯೇ ಜಾಸ್ತಿ ಇದೆ. ಮರೆಯುವ ಮೊದಲೇ ಬರೆದಿಡುತ್ತೇನೆ.

ನನ್ನ ವಿಷಯ ಕೇಳಲು ಸಣ್ಣದು. ಮ್ಯಾರಥಾನ್ ಓಡಲೆಂದೇ ಬೇರೆ ಊರಿಗೆ ಹೋಗುವವರು ಇದ್ದಾರಲ್ಲ, ಅವರಿಗೆ ಆ ಊರಿಗೆ ಮತ್ತೊಮ್ಮೆ ಹೋಗಬೇಕು ಅನ್ನಿಸುವುದು ಯಾವಾಗ? ಪ್ರವಾಸೋದ್ಯಮದ ಪಾಠಗಳಲ್ಲಿ ಉಳಿಯುವ ಜಾಗ, ಓಡಾಟದ ಅನುಕೂಲ, ಖರ್ಚು ಇವೇ ಮೊದಲು ಬರುತ್ತವೆ. ನನಗೆ ಬೇರೆಯೇ ಒಂದು ಅನುಮಾನ ಇತ್ತು. ಅಂದುಕೊಂಡ ಸಮಯಕ್ಕೆ ಓಟ ಮುಗಿಸಿದವರಿಗೆ ಊರು ಚೆನ್ನಾಗಿ ಕಾಣುತ್ತದೆ. ಒಂದೆರಡು ನಿಮಿಷದಲ್ಲಿ ಗುರಿ ತಪ್ಪಿದವರಿಗೆ ಅದೇ ಊರು ಮಂಕಾಗಿ ಕಾಣುತ್ತದೆ. ಊರಿನ ತಪ್ಪೇನೂ ಇಲ್ಲ, ಆದರೂ.

ಈ ಯೋಚನೆಯ ಬೇರು 1979ರಲ್ಲಿದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಆ ವರ್ಷ ಬರೆದದ್ದು ಇಷ್ಟು: ನಾವು ಲಾಭ ನಷ್ಟವನ್ನು ಮನಸ್ಸಿನಲ್ಲಿ ಎಳೆದುಕೊಂಡ ಒಂದು ಗೆರೆಯಿಂದ ಅಳೆಯುತ್ತೇವೆ, ಮತ್ತು ಗೆರೆಯ ಕೆಳಗೆ ಬಿದ್ದ ನೋವು ಅಷ್ಟೇ ಮೇಲೆ ಏರಿದ ಸಂತೋಷಕ್ಕಿಂತ ದೊಡ್ಡದು. ಆಟದಲ್ಲಿ ಇದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, 2011ರಲ್ಲಿ ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಜರ್ ಅನ್ನುವ ಸಂಶೋಧಕರು ಗಾಲ್ಫ್ ವೃತ್ತಿಪರರ 25 ಲಕ್ಷಕ್ಕೂ ಹೆಚ್ಚು ಪಟ್‌ಗಳನ್ನು, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಮೆಲ್ಲನೆಯ ಹೊಡೆತಗಳನ್ನು, ತೆಗೆದು ನೋಡಿದರು. ಒಂದೊಂದು ಗುಳಿಗೂ ಇಷ್ಟು ಹೊಡೆತ ಅಂತ ಗೊತ್ತುಮಾಡಿದ ಲೆಕ್ಕಕ್ಕೆ ಪಾರ್ ಅನ್ನುತ್ತಾರೆ, ಅದಕ್ಕಿಂತ ಒಂದು ಕಡಿಮೆಯಲ್ಲಿ ಮುಗಿಸಿದರೆ ಬರ್ಡಿ. ದೂರ ಅದೇ, ಆಟಗಾರ ಅವನೇ. ಆದರೂ ಬರ್ಡಿಗಾಗಿ ಹೊಡೆಯುವಾಗಿನದಕ್ಕಿಂತ ಪಾರ್ ಉಳಿಸಿಕೊಳ್ಳಲು ಹೊಡೆಯುವಾಗ ಚೆಂಡು ಹೆಚ್ಚು ಸಲ ಗುಳಿಗೆ ಬೀಳುತ್ತದೆ. ಕೊನೆಯ ಲೆಕ್ಕದಲ್ಲಿ ಎರಡೂ ಒಂದೊಂದು ಹೊಡೆತವೇ. ಪಾರ್ ಅನ್ನುವುದು ಬರೀ ಒಂದು ಗೆರೆ. ದಿನಾ ಇದನ್ನೇ ಮಾಡುವವರ ಕೈಯೂ ಆ ಗೆರೆಗೆ ಬಗ್ಗುತ್ತದಲ್ಲ! ಈ ವಿಷಯವನ್ನು ನಾನು ಹಿಡಿದುಕೊಂಡಿದ್ದೇ ಆ ಪ್ರಬಂಧ ಓದಿದ ಮೇಲೆ.

ನನ್ನ ಮೂರನೇ ಅಧ್ಯಾಯದ ಉಪಾಯ ಹೀಗಿತ್ತು. 3 ಗಂಟೆ 59 ನಿಮಿಷದಲ್ಲಿ ಮುಗಿಸಿದವರನ್ನು ಒಂದು ಕಡೆ ಇಡುವುದು, 4 ಗಂಟೆ 1 ನಿಮಿಷ ತೆಗೆದುಕೊಂಡವರನ್ನು ಇನ್ನೊಂದು ಕಡೆ. 42.195 ಕಿಲೋಮೀಟರ್ ಓಡುವವರಲ್ಲಿ ಎರಡು ನಿಮಿಷ ಏನು ಮಹಾ? ಮಿಕ್ಕೆಲ್ಲದರಲ್ಲಿ ಇಬ್ಬರೂ ಒಂದೇ ಥರದವರು. ಊರಿನ ಬಗ್ಗೆ ಅವರ ಮಾತಿನಲ್ಲಿ ವ್ಯತ್ಯಾಸ ಬಂದರೆ ಅದಕ್ಕೆ ಆ ಗೆರೆಯೇ ಕಾರಣ. ಇಷ್ಟು ಬರೆದು ಮುಗಿಸಿದ್ದೆ.

ಮೇಡಂ ಏನೂ ಮಾತಾಡದೆ ಒಂದು ಚಿತ್ರ ತೋರಿಸಿದರು. ಅದೇ ಡೆವಿನ್ ಪೋಪ್ ಇನ್ನೂ ಮೂವರ ಜೊತೆ 2017ರಲ್ಲಿ ಪ್ರಕಟಿಸಿದ್ದು. ಹತ್ತಿರ ಹತ್ತಿರ ಒಂದು ಕೋಟಿ ಮ್ಯಾರಥಾನ್ ಸಮಯಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದಾರೆ. ಮೂರು ಗಂಟೆ, ಮೂರೂವರೆ, ನಾಲ್ಕು, ಪ್ರತಿಯೊಂದಕ್ಕೂ ಸ್ವಲ್ಪ ಮೊದಲು ಮುಗಿಸಿದವರ ಸಂಖ್ಯೆಯಲ್ಲಿ ಒಂದು ಗುಡ್ಡ, ದಾಟಿದ ತಕ್ಷಣ ಒಂದು ಕುಸಿತ. ಈ ಚಿತ್ರ ನನಗೆ ಹೊಸದಲ್ಲ. ನನ್ನ ಮೊದಲನೇ ಅಧ್ಯಾಯದಲ್ಲೇ ಇದೆ.

"ಈ ಗುಡ್ಡ ಹೇಗೆ ಬಂತು?" ಅಂದರು.

ಕೊನೆಯ ಎರಡು ಕಿಲೋಮೀಟರ್‌ನಲ್ಲಿ ಹಲ್ಲು ಕಚ್ಚಿ ಓಡಿದವರಿಂದ, ಅಂದೆ. ಬಾಯಿಂದ ಮಾತು ಬೀಳುತ್ತಿದ್ದ ಹಾಗೆ ನನಗೇ ಗೊತ್ತಾಯಿತು. 3:59ರವರು ಗೆರೆಗಾಗಿ ತಮ್ಮನ್ನು ಎಳೆದುಕೊಂಡು ಬಂದವರು. 4:01ರವರಲ್ಲಿ ಕೆಲವರಿಗೆ ಶಕ್ತಿ ಉಳಿದಿರಲಿಲ್ಲ, ಕೆಲವರಿಗೆ ಆ ಗೆರೆ ಬೇಕೇ ಇರಲಿಲ್ಲ. ಇಬ್ಬರೂ ಒಂದೇ ಥರದವರು ಅನ್ನುವ ನನ್ನ ಮಾತನ್ನು ನಾನೇ ಹಾಕಿದ ಚಿತ್ರ ಸುಳ್ಳು ಮಾಡಿತ್ತು.

ಹಾಗಾದರೆ ಓಡುವವರ ಕೈಯಲ್ಲಿಲ್ಲದ ಕಾರಣವೊಂದರಿಂದ ಗುರಿ ತಪ್ಪಿದವರನ್ನು ನೋಡಬೇಕು, ಬಿಸಿಲನ್ನು ಹಿಡಿಯೋಣ ಅಂದೆ. ಬಿಸಿಲು ಜಾಸ್ತಿ ಇದ್ದ ವರ್ಷ ಎಲ್ಲರೂ ನಿಧಾನ. ಆದರೆ ಬಿಸಿಲು ಊರನ್ನೂ ಬೇಡ ಅನ್ನಿಸುತ್ತದೆ. ಅದೂ ಹೋಯಿತು.

ಕೊನೆಗೆ ಮೇಡಂ ಹೇಳಿದ್ದು ತೀರಾ ಸರಳ. "ನಾಲ್ಕು ಗಂಟೆ ನೀನು ಹಾಕಿದ ಗೆರೆ. ಅವರವರ ಗೆರೆ ಎಲ್ಲಿದೆ ಅಂತ ಓಟದ ಹಿಂದಿನ ದಿನ ಅವರನ್ನೇ ಕೇಳು."

ಸಂಜೆ ಟ್ರ್ಯಾಕ್‌ಗೆ ಹೋದೆ. ಅಭ್ಯಾಸಕ್ಕೆ ಬಂದಿದ್ದ ಕೆಲವರನ್ನು ಸುಮ್ನೆ ಪರೀಕ್ಷೆಗೆ ಅಂತ ಕೇಳಿದೆ, "ನಿಮ್ಮ ಗುರಿ ಸಮಯ ಎಷ್ಟು?" ಎಲ್ಲರದ್ದೂ ಒಂದೇ ಉತ್ತರ, ಮುಗಿಸಿದರೆ ಸಾಕು. ನಾಲ್ಕನೆಯವರ ಹೊತ್ತಿಗೆ ನನಗೆ ಕಾಲು ಸೋತಿತ್ತು. ಆಮೇಲೆ ಒಬ್ಬ ಹಿರಿಯ ಹೆಂಗಸು ಶೂ ಲೇಸ್ ಕಟ್ಟುತ್ತಾ ಹೇಳಿದರು:

"ನೋಡಮ್ಮಾ, ಜನರಿಗೆ ಹೇಳೋದು ನಾಲ್ಕೂವರೆ. ಎಲ್ಲ ಸರಿಹೋದರೆ ನಾಲ್ಕೂಕಾಲು. ಮನಸ್ಸಲ್ಲಿರೋದು ನಾಲ್ಕು. ಅದನ್ನ ಮನೇಲೂ ಹೇಳಿಲ್ಲ."

ಇವರ ಗೆರೆ ಯಾವುದು? ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮುಗಿಸಿದರೆ ಇವರು ಗೆದ್ದವರಾ, ಸೋತವರಾ? ಮೂರು ಗೆರೆಯಲ್ಲಿ ಎರಡನ್ನು ದಾಟಿರುತ್ತಾರೆ, ಯಾರಿಗೂ ಹೇಳದ ಒಂದು ಉಳಿದಿರುತ್ತದೆ. ನಾನು ಓದಿದ ಸೂತ್ರಗಳಲ್ಲಿ ಒಬ್ಬರಿಗೆ ಒಂದೇ ಗೆರೆ. ಈ ಪ್ರಶ್ನೆ ನನ್ನ ಇಡೀ ಪ್ರಬಂಧಕ್ಕಿಂತ ಚೆನ್ನಾಗಿದೆ ಅನ್ನಿಸಿತು, ಈಗಲೂ ಅನ್ನಿಸುತ್ತಿದೆ.

ರಾತ್ರಿ ಪ್ರಶ್ನಾವಳಿ ತಿದ್ದಲು ಕೂತೆ. ಗುರಿ ಎಷ್ಟು ಅನ್ನುವುದನ್ನು ತೆಗೆದೆ. ಅದರ ಜಾಗದಲ್ಲಿ "ಎಷ್ಟು ಸಮಯ ಮೀರಿದರೆ ನಿಮಗೆ ನಿಜವಾಗಿ ಬೇಸರವಾಗುತ್ತದೆ?" ಅಂತ ಬರೆದೆ. ಉತ್ತರವನ್ನು ನನ್ನೆದುರು ಬಾಯಿಬಿಟ್ಟು ಹೇಳುವುದು ಬೇಡ. ಚೀಟಿಯಲ್ಲಿ ಬರೆದು, ಮಡಚಿ, ಡಬ್ಬಿಗೆ ಹಾಕಬೇಕು. ಚೀಟಿಯ ಮೇಲೆ ಹೆಸರು ಇರುವುದಿಲ್ಲ, ಓಟಗಾರರ ಎದೆಗೆ ಹಚ್ಚುವ ಬಿಬ್ ಸಂಖ್ಯೆ ಮಾತ್ರ, ಅದೂ ಒಪ್ಪಿಗೆ ಪತ್ರಕ್ಕೆ ಸಹಿ ಆದ ಮೇಲೆ.

ಇನ್ನೊಂದು ಭಯವೂ ಇದೆ. ಗೆರೆ ಇಲ್ಲದವರಿಗೆ ನನ್ನ ಪ್ರಶ್ನೆಯೇ ಗೆರೆ ಎಳೆದುಬಿಟ್ಟರೆ? ಅದಕ್ಕೆ ನಾಣ್ಯ ಚಿಮ್ಮಿದ ಹಾಗೆ ಅರ್ಧ ಜನರಿಗೆ ಮಾತ್ರ ಈ ಪ್ರಶ್ನೆ ಕೊಡುತ್ತೇನೆ, ಉಳಿದರ್ಧಕ್ಕೆ ಇಲ್ಲ. ಓಟ ಮುಗಿದ ಎರಡು ವಾರಕ್ಕೆ ಎರಡೂ ಗುಂಪಿಗೆ ಊರಿನ ಬಗ್ಗೆ ಒಂದೇ ಪ್ರಶ್ನೆ ಹೋಗುತ್ತದೆ.

ಓಟ ಆದ ಮೇಲೆ ಎಷ್ಟು ದಿನ ಉಳಿದಿರಿ ಅನ್ನುವುದನ್ನೂ ಸೇರಿಸಿದೆ. 1993ರಲ್ಲಿ ಕಾನ್‌ಮನ್ ಮತ್ತು ಜೊತೆಗಾರರು ಜನರ ಕೈಯನ್ನು ತಣ್ಣೀರಲ್ಲಿ ಇಡಿಸಿದ್ದರು. ಒಂದು ಸಲ 14 ಡಿಗ್ರಿ ನೀರಲ್ಲಿ 60 ಸೆಕೆಂಡ್. ಇನ್ನೊಂದು ಸಲ ಅದೇ 60 ಸೆಕೆಂಡ್, ಜೊತೆಗೆ ಇನ್ನೂ 30, ಆದರೆ ಆ 30ರಲ್ಲಿ ನೀರನ್ನು ಒಂದು ಡಿಗ್ರಿಯಷ್ಟು ಬೆಚ್ಚಗೆ ಮಾಡುತ್ತಾ. ಮತ್ತೆ ಯಾವುದು ಬೇಕು ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಹೇಗಿತ್ತು ಅನ್ನುವುದೇ ನೆನಪಾಗಿ ಉಳಿಯಿತು. ಓಡಿ ಅವತ್ತೇ ಬಸ್ ಹತ್ತಿದವರಿಗೆ ಪ್ರವಾಸದ ಕೊನೆ ಅಂದರೆ ಫಿನಿಶ್ ಲೈನ್. ಎರಡು ದಿನ ಸುತ್ತಾಡಿ ಹೊರಟವರಿಗೆ ಹಾಗಲ್ಲ. ಗುರಿ ತಪ್ಪಿದ ನೋವನ್ನು ಆ ಎರಡು ದಿನ ತೊಳೆಯುತ್ತದಾ ಅಂತ ನೋಡಬೇಕು.

ಬುಧವಾರ ಮತ್ತೆ ಟ್ರ್ಯಾಕ್‌ಗೆ ಹೋಗುತ್ತೇನೆ, ಚೀಟಿ ಮತ್ತು ಡಬ್ಬಿ ಹಿಡಿದು. ಆ ಅಮ್ಮ ಬರುತ್ತೇನೆ ಅಂದಿದ್ದಾರೆ. ಮೂರರಲ್ಲಿ ಯಾವ ಸಂಖ್ಯೆ ಬರೆಯುತ್ತಾರೋ.